ಸವಳು ಮಣ್ಣು, ಕಾಲುವೆ ನೀರು, ಕಾಯ್ದೆ: 10ನೇ ತರಗತಿಯ ಒಂದು ವಿಜ್ಞಾನ ಘಟಕದ ಬೋಧನಾಭ್ಯಾಸ

10ನೇ ತರಗತಿಯ ವಿಜ್ಞಾನ ಪಠ್ಯಪುಸ್ತಕದ 'ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು' ಘಟಕದಲ್ಲಿ ಮಣ್ಣಿನ ಪಿಎಚ್ ಕುರಿತು ಒಂದು ಚಿಕ್ಕ ಚಟುವಟಿಕೆ ಇದೆ. 2 ಗ್ರಾಂ ಮಣ್ಣಿಗೆ 5 ಮಿಲಿ ಲೀಟರ್ ನೀರು ಹಾಕಿ, ಅಲುಗಾಡಿಸಿ, ಸೋಸಿ, ಬಣ್ಣದ ಕಾಗದದಿಂದ ಪಿಎಚ್ ನೋಡಬೇಕು. ಅದೇ ಘಟಕದ ಕೊನೆಯ ಪುಟಗಳಲ್ಲಿ ಜಿಪ್ಸಂ ಬರುತ್ತದೆ. ಅದನ್ನು ಕಾಯಿಸಿದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗುತ್ತದೆ, ಮುರಿದ ಮೂಳೆಗೆ ಕಟ್ಟಲು ಬರುತ್ತದೆ ಎಂದು ಪುಸ್ತಕ ಹೇಳುತ್ತದೆ. ಮೊದಲಿನ ಚಟುವಟಿಕೆಗೂ ಕೊನೆಯ ಜಿಪ್ಸಂಗೂ ನಡುವೆ ಇರುವ ಸಂಬಂಧವನ್ನು ಪುಸ್ತಕ ಹೇಳುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಬೆಳೆದ ಮಗುವಿಗೆ ಮುಖ್ಯವಾಗಬೇಕಾದದ್ದು ಆ ಸಂಬಂಧವೇ. ಸಿಂಧನೂರು ತಾಲ್ಲೂಕಿನ ಎಷ್ಟೋ ಹೊಲಗಳಲ್ಲಿ ಬೇಸಿಗೆಯ ಹೊತ್ತಿಗೆ ಬಿಳಿ ಪದರು ಏಳುತ್ತದೆ. ಆ ಹೊಲಕ್ಕೆ ಜಿಪ್ಸಂ ಹಾಕುತ್ತಾರೆ. ಏಕೆ ಹಾಕುತ್ತಾರೆ, ಹಾಕಿದರೆ ಸಾಕೇ, ಹೊಲ ಹಾಗೆ ಆದದ್ದು ಏಕೆ ಎಂಬ ಮೂರು ಪ್ರಶ್ನೆಗಳ ಹಿಂದೆ ಹೋದರೆ ರಸಾಯನಶಾಸ್ತ್ರದಿಂದ ಕಾಲುವೆ ಎಂಜಿನಿಯರಿಂಗಿಗೆ, ಅಲ್ಲಿಂದ ನೀರಾವರಿ ಕಾಯ್ದೆಗೆ ಹೋಗಿ ನಿಲ್ಲುತ್ತೇವೆ.

ಬೋಧನಾಭ್ಯಾಸಕ್ಕೆಂದು ನನಗೆ ಸಿಕ್ಕಿದ್ದು ಸಿಂಧನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಈ ಘಟಕಕ್ಕೆ ಐದು ಅವಧಿ ಸಿಕ್ಕವು. ಮೂರು ಅವಧಿಯನ್ನು ಪಠ್ಯದ ಕಲಿಕಾಂಶಗಳಿಗೆ ಇಟ್ಟು, ಎರಡನ್ನು ವಿಸ್ತರಣೆಗೆ ಬಳಸಿದೆ. ಆ ಎರಡು ಅವಧಿಯಲ್ಲಿ ಏನು ನಡೆಯಿತು, ಅದೇ ಎಳೆಯನ್ನು ಲಿಂಗಸುಗೂರು ಮತ್ತು ಮಸ್ಕಿಯ ಶಾಲೆಗಳಲ್ಲಿ ಹೇಗೆ ಹಿಡಿಯಬಹುದು ಎಂಬುದು ಈ ಬರಹದ ವಿಷಯ. ಐದು ಹಂತಗಳ ಪೂರ್ಣ ಪಾಠಯೋಜನೆಯನ್ನು ಇಲ್ಲಿ ಕೊಟ್ಟಿಲ್ಲ. ಅದು ನಮ್ಮೆಲ್ಲರ ಕಡತದಲ್ಲೂ ಒಂದೇ ತೆರ ಇರುತ್ತದೆ.

ಪೂರ್ವಜ್ಞಾನ

ಮಕ್ಕಳಿಗೆ ಗೊತ್ತಿಲ್ಲ ಎಂದುಕೊಂಡು ಆರಂಭಿಸುವುದು ಈ ವಿಷಯದಲ್ಲಿ ಸಲ್ಲದು. 'ನಿಮ್ಮ ಹೊಲದ ಮಣ್ಣು ಎಂಥದು?' ಎಂದು ಕೇಳಿದರೆ ಎರೆ, ಮಸಾರಿ, ಸೌಳು ಎಂಬ ಮೂರೂ ಮಾತು ತಾನಾಗಿ ಬಂದವು. ಸೌಳು ಹೊಲದಲ್ಲಿ ಬೀಜ ಏಳುವುದಿಲ್ಲ, ನೀರು ಇಂಗುವುದಿಲ್ಲ, ಬೆಳಿಗ್ಗೆ ಬಿಳಿ, ಮಧ್ಯಾಹ್ನ ಬಿರುಕು ಎಂದು ಹಿಂದಿನ ಬೆಂಚಿನ ಹುಡುಗರು ಹೇಳಿದರು. ಇಷ್ಟು ನಿಖರವಾದ ಅವಲೋಕನ ಪುಸ್ತಕದಲ್ಲೂ ಇಲ್ಲ. 'ಸವಳು-ಜವಳು' ಎಂದು ಕೃಷಿ ಇಲಾಖೆಯವರು ಜೋಡಿಯಾಗಿ ಹೇಳುವ ಮಾತಿನಲ್ಲಿ ಸವಳು ಎಂದರೆ ಉಪ್ಪು, ಜವಳು ಎಂದರೆ ನೀರು ನಿಂತ ನೆಲ. ಈ ಜೋಡಿಮಾತನ್ನು ಬೋರ್ಡಿನ ಮೇಲೆ ಬರೆದು, ಎರಡೂ ಏಕೆ ಜೊತೆಯಾಗಿ ಬರುತ್ತವೆ ಎಂಬುದನ್ನು ಎರಡು ಅವಧಿಯ ಪ್ರಶ್ನೆಯಾಗಿ ಅಲ್ಲೇ ಉಳಿಸಿದೆ.

ಪ್ರಯೋಗ: ಕಾಗದ ಹೇಳದ ಸಂಗತಿ

ನಾಲ್ಕು ಗುಂಪುಗಳು ನಾಲ್ಕು ಕಡೆಯ ಮಣ್ಣು ತಂದವು. ಒಂದು ಕಾಲುವೆಯ ಹತ್ತಿರದ ಭತ್ತದ ಗದ್ದೆಯದು, ಒಂದು ಬಿಳಿ ಪದರು ಎದ್ದು ಬೀಳು ಬಿದ್ದ ಹೊಲದ್ದು, ಒಂದು ಮಸ್ಕಿ ಕಡೆಯ ಸಂಬಂಧಿಕರ ಮಳೆಯಾಶ್ರಿತ ಮಸಾರಿ ಹೊಲದ್ದು, ಇನ್ನೊಂದು ಶಾಲೆಯ ಅಂಗಳದ್ದು. ಪುಸ್ತಕದ ಪ್ರಮಾಣದಂತೆಯೇ ನೀರು ಬೆರೆಸಿ ಸೋಸಿದರು. ಎರೆ ಮಣ್ಣು ಸೋಸಲು ಬಹಳ ಹೊತ್ತು ಹಿಡಿಯುತ್ತದೆ. ಹಿಂದಿನ ದಿನವೇ ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ಬೆಳಿಗ್ಗೆಯೇ ನೀರಿನಲ್ಲಿ ನೆನೆಸಿಟ್ಟು, ಮೇಲಿನ ತಿಳಿಯನ್ನು ಬಳಸಿದರೆ 40 ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ನೀರು ಮಾತ್ರ ಬಟ್ಟಿ ಇಳಿಸಿದ್ದೇ ಆಗಬೇಕು. ನಮ್ಮ ಕಡೆಯ ಬೋರಿನ ನೀರು ಬಳಸಿದರೆ ನೀರಿನ ಉಪ್ಪೇ ಫಲಿತಾಂಶವಾಗಿ ಬರುತ್ತದೆ.

ಕಾಗದದ ಬಣ್ಣ ಮೊದಲ ಎರಡು ಮಾದರಿಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಮಕ್ಕಳು ನಿರಾಶರಾದರು. ಒಂದು ಹೊಲದಲ್ಲಿ ಬೆಳೆ ಇದೆ, ಇನ್ನೊಂದರಲ್ಲಿ ಹುಲ್ಲೂ ಇಲ್ಲ, ಬಣ್ಣ ಒಂದೇ ಆದರೆ ಹೇಗೆ? ಪಾಠದ ನಿಜವಾದ ಆರಂಭ ಈ ನಿರಾಶೆಯೇ. ಪಿಎಚ್ ಅಳೆಯುವುದು ಹೈಡ್ರೋಜನ್ ಅಯಾನುಗಳ ಸಾಂದ್ರತೆಯನ್ನು. ತಟಸ್ಥ ಲವಣ ಎಷ್ಟೇ ಇದ್ದರೂ ಪಿಎಚ್ ಕಾಗದ ಅದನ್ನು ಕಾಣದು. ಅಡುಗೆ ಉಪ್ಪಿನ ದ್ರಾವಣದ ಪಿಎಚ್ ಏಳರ ಹತ್ತಿರವೇ ಇರುತ್ತದೆ ಎಂದು ಹಿಂದಿನ ಅವಧಿಯಲ್ಲಿ ಅವರೇ ನೋಡಿದ್ದರು. ಹಾಗಾದರೆ ಉಪ್ಪನ್ನು ಕಾಣುವುದು ಹೇಗೆ? ಎರಡು ದಾರಿ ಹಿಡಿದೆವು. ಒಂದು, ತಿಳಿನೀರನ್ನು ಗಾಜಿನ ತಟ್ಟೆಯಲ್ಲಿ ಹಾಕಿ ಬಿಸಿಲಿಗಿಡುವುದು. ಆರಿದ ಮೇಲೆ ಬೀಳು ಹೊಲದ ತಟ್ಟೆಯಲ್ಲಿ ಬಿಳಿ ಕಲೆ ಎದ್ದು ಕಾಣುತ್ತದೆ. ಇನ್ನೊಂದು, ಟಿಡಿಎಸ್ ಮೀಟರ್. ಶಾಲೆಯಲ್ಲಿ ಅದು ಇರಲಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ನೋಡಿಕೊಳ್ಳುವವರಲ್ಲಿ ಇತ್ತು, ಒಂದು ದಿನಕ್ಕೆ ಕೊಟ್ಟರು. ಆ ಮೀಟರ್ ಉಪ್ಪನ್ನು ನೇರವಾಗಿ ತೂಗುವುದಿಲ್ಲ. ದ್ರಾವಣದಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ನೋಡಿ, ಒಂದು ಗುಣಕದಿಂದ ಗುಣಿಸಿ ತೋರಿಸುತ್ತದೆ. ಅಯಾನುಗಳು ವಿದ್ಯುತ್ತನ್ನು ಒಯ್ಯುತ್ತವೆ ಎಂಬ ಕಲಿಕಾಂಶ ಇದೇ ಘಟಕದಲ್ಲಿದೆ. ಬಲ್ಬು ಹೊತ್ತಿಸುವ ಪ್ರಯೋಗಕ್ಕಿಂತ ಈ ಮೀಟರಿನ ಅಂಕಿ ಮಕ್ಕಳಿಗೆ ಹೆಚ್ಚು ಹಿಡಿಸಿತು.

ಮಣ್ಣುವಿಜ್ಞಾನದಲ್ಲಿ ವಿದ್ಯುತ್ ವಾಹಕತೆ ಪ್ರತಿ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಲವಣಯುಕ್ತ ಮಣ್ಣು ಎನ್ನುತ್ತಾರೆ. ಆ ಮಿತಿ ಇರುವುದು ಮಣ್ಣನ್ನು ಕೆಸರಾಗುವಷ್ಟೇ ನೆನೆಸಿ ತೆಗೆದ ರಸಕ್ಕೆ. ನಮ್ಮ ತಿಳಿನೀರಿನಲ್ಲಿ ನೀರು ಹೆಚ್ಚು, ಅಂಕಿ ಕಡಿಮೆ ಬರುತ್ತದೆ. ಆದ್ದರಿಂದ ಮಾದರಿಗಳನ್ನು ಒಂದಕ್ಕೊಂದು ಹೋಲಿಸಬಹುದೇ ಹೊರತು, ಇವರ ಹೊಲ ಸವಳು, ಅವರದಲ್ಲ ಎಂದು ತೀರ್ಪು ಕೊಡಲು ಬರುವುದಿಲ್ಲ. ತೀರ್ಪಿಗೆ ಮನೆಯಲ್ಲೇ ಒಂದು ಕಾಗದ ಇದೆ. 2015ರ ಫೆಬ್ರವರಿಯಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯ ಚೀಟಿಯಲ್ಲಿ 12 ಅಂಶಗಳಿರುತ್ತವೆ, ಮೊದಲ ಎರಡೇ ಪಿಎಚ್ ಮತ್ತು ವಿದ್ಯುತ್ ವಾಹಕತೆ. ಬಹಳ ಮನೆಗಳಲ್ಲಿ ಅದು ಪಹಣಿಯ ಜೊತೆ ಟ್ರಂಕಿನಲ್ಲಿ ಬಿದ್ದಿದೆ. ಓದಲು ಬಾರದ ಅಪ್ಪನಿಗೆ 10ನೇ ತರಗತಿಯ ಮಗಳು ಆ ಎರಡು ಸಾಲು ಓದಿ ಹೇಳಿದರೆ ಘಟಕ ಮುಗಿದಂತೆ ಎಂದು ನನ್ನ ಲೆಕ್ಕ.

ಜಿಪ್ಸಂ ಏನು ಮಾಡುತ್ತದೆ?

ಸವಳಿನಲ್ಲಿ ಎರಡು ಬಗೆ. ಒಂದರಲ್ಲಿ ಉಪ್ಪು ಹೆಚ್ಚು, ಪಿಎಚ್ 8.5ರ ಒಳಗೆ. ಇನ್ನೊಂದರಲ್ಲಿ ಜೇಡಿಯ ಕಣಗಳಿಗೆ ಸೋಡಿಯಂ ಅಂಟಿಕೊಂಡಿರುತ್ತದೆ, ಪಿಎಚ್ 8.5 ದಾಟುತ್ತದೆ. ಇದನ್ನು ಕ್ಷಾರ ಮಣ್ಣು ಎನ್ನುತ್ತಾರೆ. ಸೋಡಿಯಂ ಅಂಟಿದ ಜೇಡಿಕಣಗಳು ಒಂದನ್ನೊಂದು ದೂಡಿ ಚದುರಿ, ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ನೀರು ಇಂಗದಿರುವುದು ಇದರಿಂದ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದರ ಕ್ಯಾಲ್ಸಿಯಂ ಬಂದು ಸೋಡಿಯಂ ಜಾಗದಲ್ಲಿ ಕೂರುತ್ತದೆ. ಬಿಟ್ಟುಹೋದ ಸೋಡಿಯಂ, ಸಲ್ಫೇಟಿನೊಡನೆ ಸೇರಿ ಸೋಡಿಯಂ ಸಲ್ಫೇಟ್ ಆಗಿ ನೀರಿನಲ್ಲಿ ಕರಗುತ್ತದೆ. ಪದಗಳಲ್ಲಿ ಸಮೀಕರಣ ಹೀಗೆ: ಸೋಡಿಯಂ ಜೇಡಿ + ಕ್ಯಾಲ್ಸಿಯಂ ಸಲ್ಫೇಟ್ → ಕ್ಯಾಲ್ಸಿಯಂ ಜೇಡಿ + ಸೋಡಿಯಂ ಸಲ್ಫೇಟ್. ಸ್ಥಾನಪಲ್ಲಟದ ಮಾದರಿಯಾಗಿ ಇದು ಮಕ್ಕಳಿಗೆ ತಕ್ಷಣ ಹಿಡಿಯಿತು.

ಆದರೆ ಕರಗಿದ ಸೋಡಿಯಂ ಸಲ್ಫೇಟ್ ಎಲ್ಲಿಗೆ ಹೋಗಬೇಕು? ಬಸಿದು ಹೋಗಲು ದಾರಿ ಇಲ್ಲದಿದ್ದರೆ ಜಿಪ್ಸಂ ಹಾಕಿದ್ದು ದಂಡ. ದಾರಿ ಇದ್ದರೆ ಅದು ಬಸಿಗಾಲುವೆಯಿಂದ ಹಳ್ಳಕ್ಕೆ ಬೀಳುತ್ತದೆ. ಸಿಂಧನೂರು ಹಳ್ಳ, ಮಸ್ಕಿ ಹಳ್ಳ ಎರಡೂ ಮುಂದೆ ತುಂಗಭದ್ರೆಗೆ ಸೇರುತ್ತವೆ. ನಡುವೆ ಪಂಪ್‌ಸೆಟ್ ಇಟ್ಟು ಹಳ್ಳದ ನೀರನ್ನು ಹೊಲಕ್ಕೆ ಎತ್ತುವ ರೈತರಿದ್ದಾರೆ. ಮೇಲಿನ ಹೊಲದ ಪರಿಹಾರ ಕೆಳಗಿನ ಹೊಲಕ್ಕೆ ಉಪ್ಪಾಗಿ ಹೋಗಬಹುದು. ರಸಾಯನಶಾಸ್ತ್ರದ ಸಮೀಕರಣ ಬಾಣದ ಬಲಕ್ಕೆ ಮುಗಿಯುತ್ತದೆ, ಹೊಲದಲ್ಲಿ ಅಲ್ಲಿಗೆ ಮುಗಿಯುವುದಿಲ್ಲ. ಸುಸ್ಥಿರತೆ ಎಂಬ ಪದದ ವ್ಯಾಖ್ಯೆಯನ್ನು ನಾನು ಬೋರ್ಡಿನ ಮೇಲೆ ಬರೆಸಲಿಲ್ಲ. 'ಬಾಣದ ಬಲಕ್ಕೆ ಬಂದದ್ದು ಯಾರ ಹೊಲಕ್ಕೆ ಹೋಯಿತು?' ಎಂಬ ಪ್ರಶ್ನೆ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಬಗ್ಗೆ ಬಹುಕಾಲದಿಂದ ಸಂಶೋಧನೆ ನಡೆದಿದೆ. ನೆಲದಡಿ ತೂತು ಕೊಳವೆ ಹೂತು ಉಪ್ಪುನೀರನ್ನು ಬಸಿಯುವ ವಿಧಾನ, ಕೂರಿಗೆಯಿಂದ ನೇರ ಬಿತ್ತುವ ಭತ್ತ, ಇವೆಲ್ಲ ರಾಯಚೂರು ಕೃಷಿ ವಿಶ್ವವಿದ್ಯಾಲಯ ಅಚ್ಚುಕಟ್ಟಿನ ರೈತರ ಮುಂದಿಟ್ಟಿರುವ ತಂತ್ರಗಳು. ಕೂರಿಗೆ ಭತ್ತಕ್ಕೆ ಕೆಸರು ಗದ್ದೆ ಬೇಡ, ಸಸಿಮಡಿ ಬೇಡ, ನಾಟಿ ಆಳು ಬೇಡ, ನೀರೂ ಕಡಿಮೆ. ತರಗತಿಯಲ್ಲಿ ಇಬ್ಬರು ಮಕ್ಕಳ ಮನೆಯಲ್ಲಿ ಕೂರಿಗೆ ಭತ್ತ ಹಾಕಿದ್ದರು. ಕಳೆ ಹೆಚ್ಚು ಎಂಬ ದೂರನ್ನೂ ಅವರೇ ಹೇಳಿದರು.

ಕಾಲುವೆಯ ವಿನ್ಯಾಸವೇ ಒಂದು ಕಾನೂನು

ಎರಡನೆಯ ವಿಸ್ತರಣಾ ಅವಧಿಯನ್ನು ಗೇಟಿನ ಸುದ್ದಿಯಿಂದ ಆರಂಭಿಸಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದು ಎಲ್ಲ ಮಕ್ಕಳಿಗೂ ಗೊತ್ತು. ಹರಿಯುವ ನೀರಿನಲ್ಲೇ ತಡೆಗೇಟು ಇಳಿಸಿ ನಿಲ್ಲಿಸಿದ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಹೆಸರೂ ಗೊತ್ತು. ಆ ವಾರ ಮನೆಯಲ್ಲಿ ಯಾರೂ ಸರಿಯಾಗಿ ಉಂಡಿರಲಿಲ್ಲ ಎಂದು ಒಬ್ಬಳು ಹೇಳಿದಳು. ಒಂದು ಚೈನಿಗೂ ಒಂದು ಮನೆಯ ಊಟಕ್ಕೂ ಇರುವ ದೂರ ಎಷ್ಟು ಕಡಿಮೆ ಎಂದು ನಾನು ಬೇರೆ ವಿವರಿಸಬೇಕಾಗಲಿಲ್ಲ. 2021ರಲ್ಲಿ ಸಂಸತ್ತು ಅಣೆಕಟ್ಟು ಸುರಕ್ಷತಾ ಕಾಯ್ದೆ ಮಾಡಿತ್ತು. ತಪಾಸಣೆ, ದುರಸ್ತಿ, ಹೊಣೆ ಇವೆಲ್ಲ ಅದರಲ್ಲಿ ಇವೆ. ಕಾಯ್ದೆ ಪುಸ್ತಕದಲ್ಲಿ ಇರುವುದು ಬೇರೆ, ಚೈನಿಗೆ ತುಕ್ಕು ಹಿಡಿಯುವುದು ಬೇರೆ. ತುಕ್ಕು ಕೂಡ ಇದೇ ಪುಸ್ತಕದ ಮೊದಲ ಘಟಕದ ರಾಸಾಯನಿಕ ಕ್ರಿಯೆ.

ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಬರದ ನಾಡಿಗೆ ನೀರನ್ನು ತೆಳುವಾಗಿ ಹರಡಲು. ಜೋಳ, ಹತ್ತಿ, ಶೇಂಗಾದಂತಹ ಅರೆ ನೀರಾವರಿ ಬೆಳೆಗಳೇ ಹೆಚ್ಚು, ಭತ್ತ ಮತ್ತು ಕಬ್ಬಿಗೆ ಚಿಕ್ಕ ಪಾಲು ಎಂಬ ಲೆಕ್ಕದಲ್ಲಿ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಗುರುತು ಮಾಡಿದರು. ತೂಬಿನ ಅಳತೆಯೂ ಆ ಲೆಕ್ಕಕ್ಕೇ. ಕರ್ನಾಟಕ ನೀರಾವರಿ ಕಾಯ್ದೆ 1965ರಲ್ಲಿ ಬಂದು ಬೆಳೆ ಪದ್ಧತಿಯ ಉಲ್ಲಂಘನೆ, ಅಕ್ರಮ ನೀರೆತ್ತುವಿಕೆ ಇವುಗಳಿಗೆ ದಂಡದ ಆಧಾರ ಕೊಟ್ಟಿತು. ಕಾಲುವೆಯ ಮೇಲ್ಭಾಗದಲ್ಲಿ ನೆಲೆಸಿದವರು, ಹೊರಗಿನಿಂದ ಬಂದು ಕ್ಯಾಂಪು ಕಟ್ಟಿದವರೂ ಊರಿನವರೂ ಸೇರಿ, ಭತ್ತಕ್ಕೆ ಹೊರಳಿದರು. ತಳಭಾಗಕ್ಕೆ ನೀರು ತಲುಪದಾಯಿತು. ಡಚ್ ಸಂಶೋಧಕ ಪೀಟರ್ ಮೊಲಿಂಗಾ ಇದೇ ಎಡದಂಡೆ ಕಾಲುವೆಯ ತೂಬುಗಳ ಬಳಿ ಕೂತು ಅಧ್ಯಯನ ಮಾಡಿ 2003ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ್ದಾರೆ. ತೂಬು ಎಂಬುದು ಬರೀ ಸಿಮೆಂಟಿನ ಕೊಳವೆಯಲ್ಲ, ರೈತರು, ಎಂಜಿನಿಯರರು, ರಾಜಕೀಯದವರು ದಿನವೂ ಚೌಕಾಸಿ ಮಾಡುವ ಜಾಗ ಎಂಬುದು ಅವರ ವಾದದ ತಿರುಳು.

ಇಲ್ಲಿ ಒಂದು ಗಣಿತ ಮಾಡಿಸಿದೆ. ನಾಟಿ ಭತ್ತಕ್ಕೆ ಸುಮಾರು 1200 ಮಿಲಿಮೀಟರ್ ನೀರು, ಜೋಳಕ್ಕೆ ಸುಮಾರು 500 ಎಂದು ಹಿಡಿಯೋಣ. ಒಂದು ಎಕರೆ ಎಂದರೆ 4047 ಚದರ ಮೀಟರ್. ಭತ್ತಕ್ಕೆ ಎಕರೆಗೆ ಸುಮಾರು 48 ಲಕ್ಷ ಲೀಟರ್, ಜೋಳಕ್ಕೆ ಸುಮಾರು 20 ಲಕ್ಷ. ಮಳೆ ಕೊಡುವ ಪಾಲನ್ನು ಇದರಿಂದ ಕಳೆಯಬೇಕು, ಅದು ಬೇರೆ ಮಾತು. ಒಂದು ಎಕರೆ ಭತ್ತದ ನೀರಿನಲ್ಲಿ ಸುಮಾರು ಎರಡೂವರೆ ಎಕರೆ ಜೋಳ.

ಲೆಕ್ಕ ಬೋರ್ಡಿನ ಮೇಲೆ ಇರುವಾಗಲೇ ಒಬ್ಬ ಹುಡುಗ ಎದ್ದು ನಿಂತ. "ಹಂಗಾದ್ರ ನಮ್ಮಪ್ಪ ಭತ್ತ ಹಚ್ಚಿದ್ದು ಕಳ್ಳತನ ಏನ್ರಿ ಮೇಡಂ?"

ಅವನು ಉತ್ತರ ಕೇಳುವ ಮೊದಲೇ ಇನ್ನೊಂದು ಸಾಲಿನಿಂದ, "ಮ್ಯಾಲಿನವ್ರು ಕಟ್ಟಿಗೊಂಡ್ರ ನಮ್ಮೂರಿಗೆ ನೀರು ಹೆಂಗ ಬರಬೇಕು?" ಎಂಬ ಮಾತು ಬಂತು. ಇಬ್ಬರೂ ಒಂದೇ ಉಪಕಾಲುವೆಯ ಊರುಗಳವರು, ಒಬ್ಬ ಮೇಲಿನವನು, ಒಬ್ಬಳು ಕೆಳಗಿನವಳು.

ಈ ಪಾಠವನ್ನು ಮಾಡಲು ಹೊರಡುವ ಪ್ರಶಿಕ್ಷಣಾರ್ಥಿ ಎದುರಿಸಲೇಬೇಕಾದ ಗಳಿಗೆ ಇದು. ಇಲ್ಲಿ ಮೂರು ದಾರಿ ಕಾಣುತ್ತವೆ. 'ಅದು ನಮ್ಮ ಪಾಠದಲ್ಲಿ ಇಲ್ಲ, ಕೂತ್ಕೊ' ಎನ್ನಬಹುದು. ಕಾಯ್ದೆ ಹೇಳುವುದನ್ನು ಹೇಳಿ, ಹುಡುಗನ ಅಪ್ಪನನ್ನು ತರಗತಿಯ ಮುಂದೆ ನಿಲ್ಲಿಸಬಹುದು. 'ಎಲ್ಲರೂ ಮಾಡ್ತಾರೆ ಬಿಡು' ಎಂದು ಕಾಯ್ದೆಯನ್ನೇ ಹಗುರ ಮಾಡಬಹುದು. ಮೂರೂ ಬೇಡ ಎಂಬುದು ನನ್ನ ನಿಲುವು. ನಾನು ಹುಡುಗನಿಗೆ ಮರುಪ್ರಶ್ನೆ ಕೊಟ್ಟೆ: ನಿಮ್ಮ ಹೊಲದ ಸುತ್ತ ನಾಲ್ಕೂ ಕಡೆ ಭತ್ತವಿದ್ದು, ನಿಮ್ಮಪ್ಪ ಒಬ್ಬರೇ ಜೋಳ ಬಿತ್ತಿದರೆ ಏನಾಗುತ್ತದೆ? ಉತ್ತರ ಹತ್ತು ಬಾಯಿಯಿಂದ ಬಂತು. ಪಕ್ಕದ ಗದ್ದೆಯ ನೀರು ಜಿನುಗಿ ಹೊಲ ಜವಳಾಗುತ್ತದೆ, ಜೋಳ ಹಳದಿಯಾಗಿ ಸಾಯುತ್ತದೆ. ಎರೆ ನೆಲದಲ್ಲಿ ನೀರು ಕೆಳಗೆ ಬಸಿಯದೆ ಅಂತರ್ಜಲ ಮೇಲೇರುತ್ತದೆ, ಬೇಸಿಗೆಯಲ್ಲಿ ಅದು ಆವಿಯಾಗಿ ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತದೆ. ಬೋರ್ಡಿನ ಮೇಲೆ ಉಳಿದಿದ್ದ ಸವಳು-ಜವಳು ಜೋಡಿಯ ಉತ್ತರ ಹೀಗೆ ಮಕ್ಕಳಿಂದಲೇ ಹೊರಬಂತು. ಒಬ್ಬ ರೈತ ಒಬ್ಬನೇ ಬದಲಾಗಲಾರ ಎಂಬುದು ಇಲ್ಲಿ ಮಣ್ಣಿನ ಭೌತಶಾಸ್ತ್ರ. ಅದು ಯಾರಿಗೂ ಕೊಡುವ ಸಬೂಬಲ್ಲ. ಆದ್ದರಿಂದಲೇ ಕಾಯ್ದೆ ಬೇಕು, ಮತ್ತು ಆ ಕಾಯ್ದೆ ಒಬ್ಬನನ್ನು ದಂಡಿಸುವುದರಿಂದ ಮಾತ್ರ ನಡೆಯುವುದಿಲ್ಲ. 2000ದಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಜಾಗ ಮಾಡಿದ್ದು ಇದೇ ಕಾರಣಕ್ಕೆ. 2024ರ ತಿದ್ದುಪಡಿ ಮತ್ತೆ ಅಕ್ರಮ ನೀರೆತ್ತುವಿಕೆಗೆ ಬಿಗಿ ಮಾಡಿತು, ತಳಭಾಗದವರಿಗೆ ನೀರು ಮುಟ್ಟಲಿ ಎಂದು. ಸಂಘದ ದಾರಿ, ದಂಡದ ದಾರಿ ಎರಡನ್ನೂ ಬೋರ್ಡಿನ ಎರಡು ಬದಿಗೆ ಬರೆದು, ಯಾವುದು ನಿಮ್ಮ ಉಪಕಾಲುವೆಯಲ್ಲಿ ನಡೆಯುತ್ತದೆ ಎಂದು ಕೇಳಿದೆ. ಕೆಳಗಿನ ಊರಿನ ಹುಡುಗಿ ದಂಡ ಎಂದಳು. ಹುಡುಗ ಸಂಘ ಎಂದ. ಇಬ್ಬರೂ ಕಾರಣ ಕೊಟ್ಟರು.

ತಂತ್ರಜ್ಞಾನ ಈ ಜಗಳವನ್ನು ಬಿಡಿಸುತ್ತದೆಯೇ ಎಂಬ ಪ್ರಶ್ನೆಯೂ ಬಂತು. ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳನ್ನು ದೂರದಿಂದಲೇ ಕಂಪ್ಯೂಟರಿನಲ್ಲಿ ನಿಯಂತ್ರಿಸುವ ವ್ಯವಸ್ಥೆಯನ್ನು 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ನಮ್ಮ ಎಡದಂಡೆಯಲ್ಲಿ 69ನೇ ಮೈಲು, 104ನೇ ಮೈಲಿನ ಗೇಜು ಎಷ್ಟಡಿ ಎಂಬುದೇ ಇವತ್ತಿಗೂ ಪತ್ರಿಕೆಯ ಸುದ್ದಿ, ಧರಣಿಯ ಬೇಡಿಕೆ. ಕಂಪ್ಯೂಟರ್ ಗೇಟನ್ನು ಎಷ್ಟು ಎತ್ತಬೇಕೆಂದು ಹೇಳಬಲ್ಲದು, ಯಾರಿಗೆ ಎಷ್ಟು ಎಂಬ ಪಟ್ಟಿಯನ್ನು ಮನುಷ್ಯರೇ ಬರೆದು ಕೊಡಬೇಕು.

ಮಿಲ್ಲಿನ ಹೊಟ್ಟು

ಸಿಂಧನೂರಿನ ಅಕ್ಕಿ ಮಿಲ್ಲುಗಳನ್ನು ಇದೇ ಘಟಕಕ್ಕೆ ಜೋಡಿಸುವುದು ಸುಲಭ, ಹೆಚ್ಚು ಹೇಳುವುದಿಲ್ಲ. 100 ಕಿಲೋ ಭತ್ತಕ್ಕೆ ಸುಮಾರು 20 ಕಿಲೋ ಹೊಟ್ಟು, ಅದನ್ನು ಬಾಯ್ಲರಿನಲ್ಲಿ ಸುಟ್ಟರೆ ಸುಮಾರು 4 ಕಿಲೋ ಬೂದಿ, ಬೂದಿಯ ಬಹುಪಾಲು ಸಿಲಿಕಾ. ರಸ್ತೆ ಬದಿಗೆ ಸುರಿದರೆ ಕಣ್ಣಿಗೆ, ಉಸಿರಿಗೆ ತೊಂದರೆ. ಸಿಮೆಂಟಿಗೆ, ಇಟ್ಟಿಗೆಗೆ ಕೊಟ್ಟರೆ ಹಣ. ಬಾಯ್ಲರಿನ ಹೊಗೆಗೆ 1981ರ ವಾಯು ಕಾಯ್ದೆ, ಕುಸುಬಲಕ್ಕಿ ಮಾಡುವಾಗ ಉಳಿಯುವ ನೀರಿಗೆ 1974ರ ಜಲ ಕಾಯ್ದೆ, ಎರಡಕ್ಕೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಅಲೋಹದ ಆಕ್ಸೈಡು ಎಂದು ಪಾಠದಲ್ಲಿ ಬರುವ ಸಿಲಿಕಾ ಊರ ಅಂಚಿನ ಗುಡ್ಡೆಯಲ್ಲಿದೆ ಎಂದರೆ ಸಾಕು.

ಲಿಂಗಸುಗೂರಿನಲ್ಲಿ ಇದೇ ಪಿಎಚ್

ಲಿಂಗಸುಗೂರು ತಾಲ್ಲೂಕಿನ ಶಾಲೆಗೆ ಹೋಗುವ ಸಹಪಾಠಿಗಳಿಗೆ ಹಟ್ಟಿ ಇದೆ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ, 1947ರಲ್ಲಿ ಹುಟ್ಟಿದ ಕಂಪನಿ, ಇಂದಿಗೂ ನೆಲದಾಳದಿಂದ ಚಿನ್ನದ ಅದಿರು ತೆಗೆಯುತ್ತದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಒಂದು ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ ಚಿನ್ನ. ಉಳಿದದ್ದೆಲ್ಲ ಹಿಟ್ಟಿನಂತೆ ಅರೆದ ಕಲ್ಲಿನ ಪುಡಿ, ಅದನ್ನು ಎಲ್ಲೋ ಇಡಲೇಬೇಕು. ಕೆಜಿಎಫ್‌ನ ಸೈನೈಡ್ ಗುಡ್ಡಗಳ ಧೂಳು ಗಾಳಿ ಬೀಸಿದಾಗ ಊರ ಮೇಲೆ ಬೀಳುವುದನ್ನು ಮಕ್ಕಳು ಟಿವಿಯಲ್ಲಿ ನೋಡಿರುತ್ತಾರೆ.

'ಲೋಹಗಳು ಮತ್ತು ಅಲೋಹಗಳು' ಘಟಕದಲ್ಲಿ ಚಿನ್ನವನ್ನು ಕಡಿಮೆ ಕ್ರಿಯಾಶೀಲ ಲೋಹ ಎಂದು ಹೇಳಿ ಮುಂದೆ ಹೋಗುತ್ತಾರೆ. ಕ್ರಿಯಾಶೀಲವಲ್ಲದ ಲೋಹವನ್ನು ಕಲ್ಲಿನಿಂದ ಬೇರ್ಪಡಿಸುವುದು ಹೇಗೆ? 1887ರಿಂದ ಬಳಕೆಗೆ ಬಂದ ವಿಧಾನದಲ್ಲಿ ಸೋಡಿಯಂ ಸೈನೈಡ್ ದ್ರಾವಣ, ಗಾಳಿಯ ಆಮ್ಲಜನಕದ ನೆರವಿನಿಂದ ಚಿನ್ನವನ್ನು ಕರಗಿಸಿಕೊಳ್ಳುತ್ತದೆ. ನಂತರ ಸತುವಿನಿಂದ ಅಥವಾ ಇದ್ದಿಲಿನಿಂದ ಅದನ್ನು ಹೊರತೆಗೆಯುತ್ತಾರೆ. ಇದೆಲ್ಲ ಪಿಎಚ್ 10ಕ್ಕಿಂತ ಮೇಲೆ ನಡೆಯಬೇಕು. ಅದಕ್ಕೆ ಸುಣ್ಣ ಹಾಕುತ್ತಾರೆ. ಪಿಎಚ್ ಇಳಿದರೆ ಸೈನೈಡು ಹೈಡ್ರೋಜನ್ ಸೈನೈಡ್ ಅನಿಲವಾಗಿ ಏಳುತ್ತದೆ, ಅದು ಪ್ರಾಣಾಂತಿಕ. ಕಾರ್ಮಿಕನ ಜೀವ ಒಂದು ಪಿಎಚ್ ಅಂಕಿಯ ಮೇಲೆ ನಿಂತಿದೆ ಎಂದು ಗೊತ್ತಾದ ಮೇಲೆ 'ಪಿಎಚ್‌ನ ಮಹತ್ವ' ಎಂಬ ಐದು ಅಂಕದ ಪ್ರಶ್ನೆಗೆ ಹೊಟ್ಟೆಯ ಆಮ್ಲ, ಹಲ್ಲಿನ ಹುಳುಕು ಮಾತ್ರ ಬರೆಯುವುದು ಸಪ್ಪೆಯಾಗುತ್ತದೆ.

ಸೈನೈಡನ್ನು ತರಗತಿಗೆ ತರುವ ಪ್ರಶ್ನೆಯೇ ಇಲ್ಲ. ಅನಿಲ ಏಳುವುದು ಪಿಎಚ್ ಮೇಲೆ ನಿಂತಿದೆ ಎಂದು ತೋರಿಸಲು ಸುರಕ್ಷಿತ ದಾರಿ ಇದೆ. ಅಮೋನಿಯಂ ಸಲ್ಫೇಟ್ ಗೊಬ್ಬರದ ಒಂದು ಚಿಟಿಕೆಗೆ ತೇವ ಮಾಡಿದ ಸುಣ್ಣ ಬೆರೆಸಿದರೆ ಅಮೋನಿಯಾ ವಾಸನೆ ಬರುತ್ತದೆ, ಸುಣ್ಣವಿಲ್ಲದೆ ಬರುವುದಿಲ್ಲ. ಒದ್ದೆ ಕೆಂಪು ಲಿಟ್ಮಸ್ ಮೇಲೆ ಹಿಡಿದರೆ ನೀಲಿಯಾಗುತ್ತದೆ. ಇಲ್ಲಿ ಪಿಎಚ್ ಏರಿದರೆ ಅನಿಲ, ಸೈನೈಡಿನಲ್ಲಿ ಇಳಿದರೆ ಅನಿಲ. ಈ ವಿರುದ್ಧ ದಿಕ್ಕನ್ನು ಮಕ್ಕಳಿಂದಲೇ ಹೇಳಿಸಬೇಕು. ಕಿಟಕಿ ತೆರೆದಿರಲಿ, ಚಿಟಿಕೆ ಚಿಟಿಕೆಯೇ ಆಗಿರಲಿ.

ಕಾನೂನಿನ ಕಡೆಯಿಂದ ಇಲ್ಲಿ ಎರಡನ್ನು ಸೇರಿಸಬಹುದು. 2025ರವರೆಗೆ ಜಾರಿಯಲ್ಲಿದ್ದ 1952ರ ಗಣಿ ಕಾಯ್ದೆ 18 ವರ್ಷದೊಳಗಿನವರನ್ನು ಗಣಿ ಕೆಲಸಕ್ಕೆ ಹಚ್ಚುವುದನ್ನು ತಡೆಯುತ್ತಿತ್ತು, ಇದು ಹತ್ತನೆಯ ತರಗತಿಯವರಿಗೆ ನೇರ ಸಂಬಂಧದ್ದು. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಂತೆ ದೊಡ್ಡ ಗಣಿಗಳ ಪರಿಸರ ಅನುಮತಿಗೆ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಆ ಸಭೆಯಲ್ಲಿ ಊರಿನವರು ಏನು ಕೇಳಬೇಕು ಎಂದು ಗುಂಪಿನಲ್ಲಿ ಮೂರು ಪ್ರಶ್ನೆ ಬರೆಸಿದರೆ, ಮೂರರಲ್ಲಿ ಒಂದಾದರೂ ರಸಾಯನಶಾಸ್ತ್ರದ ಪ್ರಶ್ನೆಯಾಗಿರುತ್ತದೆ.

ಮಸ್ಕಿ

ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಪತ್ತೆಯಾದದ್ದು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಶಾಸನದಲ್ಲೇ ಹೆಸರಿನಿಂದ ದೃಢಪಟ್ಟದ್ದು ಆಗ. ಉದ್ಯಮದ ಹುಡುಕಾಟ ಇತಿಹಾಸದ ಸಂಶೋಧನೆಗೆ ದಾರಿಯಾದ ಇಂತಹ ಉದಾಹರಣೆ ಬೇರೆ ತಾಲ್ಲೂಕಿನವರಿಗೆ ಸಿಗುವುದಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಟೇಪು ಹಿಡಿದು ಇದನ್ನು ನೆಲದ ಮೇಲೆ ಅಳೆಸುವುದು ಗಣಿತ, ಸಮಾಜ ವಿಜ್ಞಾನ ಎರಡಕ್ಕೂ ಆಗುವ ಚಟುವಟಿಕೆ. ನೀರಿನ ವಿಷಯಕ್ಕೆ ಬಂದರೆ ಮಸ್ಕಿಯ ಮಕ್ಕಳು ನಮಗಿಂತ ಮುಂದೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ನಡೆದ ದೀರ್ಘ ಧರಣಿಯಲ್ಲಿ ಅವರ ಮನೆಯವರು ಕೂತಿದ್ದಾರೆ. ಅಲ್ಲಿ ಈ ಪಾಠ ಮಾಡುವವರು ಒಂದು ಪ್ರಶ್ನೆಗೆ ಸಿದ್ಧರಿರಬೇಕು: ಸಿಂಧನೂರಿಗೆ ನೀರು ಬಂದು ಸವಳಾಯಿತು ಎಂದರೆ ನಮಗೆ ನೀರೇ ಬೇಡವೇನು? ಬೇಡ ಎನ್ನುವುದು ಅನ್ಯಾಯ. ಬಸಿಗಾಲುವೆ ಇಲ್ಲದ ಕಾಲುವೆ ಬೇಡ ಎನ್ನಬಹುದು.

ಇದು ವಿಜ್ಞಾನ ಪಾಠವೇ?

ವೀಕ್ಷಣಾ ಟಿಪ್ಪಣಿಯಲ್ಲಿ ಈ ಪ್ರಶ್ನೆ ಬಂತು, ಬರುವುದು ನ್ಯಾಯವೇ. ಕಾಯ್ದೆಗಳನ್ನು ಸಮಾಜ ವಿಜ್ಞಾನದವರಿಗೆ ಬಿಡಬೇಕು, ಪರೀಕ್ಷೆಗೆ ಬರುವ ಭಾಗಕ್ಕೆ ಸಮಯ ಸಾಲದು ಎಂಬುದು ವಾದ. ಸಮಯದ ಮಾತು ನಿಜ. ಉಳಿದದ್ದನ್ನು ಒಪ್ಪಲು ನನಗೆ ಕಷ್ಟ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರವನ್ನು ಶಾಲಾ ಶಿಕ್ಷಣದಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ನಿರ್ದೇಶಿಸಿತು. 1996ರ ವೆಲ್ಲೂರು ಪ್ರಕರಣದಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳ ವಿಷಯದಲ್ಲಿ, ಕೆಡಿಸಿದವನೇ ತೆರಬೇಕು, ಹಾನಿ ಖಚಿತವಾಗುವವರೆಗೆ ಕಾಯದೆ ಮುನ್ನೆಚ್ಚರಿಕೆ ವಹಿಸಬೇಕು ಎಂಬ ತತ್ವಗಳನ್ನು ದೇಶದ ಕಾನೂನಿನ ಭಾಗವೆಂದಿತು. ಆ ತೀರ್ಪು ಅರ್ಥವಾಗಬೇಕಾದರೆ ಚರ್ಮ ಹದ ಮಾಡಿದ ನೀರಿನಲ್ಲಿ ಯಾವ ಲವಣ ಇದೆ ಎಂಬುದು ಗೊತ್ತಿರಬೇಕು. ಹಾಗೆಯೇ ಸವಳಿನ ಕಾರಣ ಗೊತ್ತಿಲ್ಲದವರಿಗೆ ನೀರಾವರಿ ಕಾಯ್ದೆ ಬರೀ ದಂಡದ ಪಟ್ಟಿಯಾಗಿ ಕಾಣುತ್ತದೆ. ಇಬ್ಬರು ಶಿಕ್ಷಕರು ಒಂದೇ ಅವಧಿಯಲ್ಲಿ ನಿಲ್ಲಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಸಮಾಜ ವಿಜ್ಞಾನ ವಿಭಾಗದ ಸಹಪಾಠಿಯೊಬ್ಬರು ಎರಡನೆಯ ವಿಸ್ತರಣಾ ಅವಧಿಗೆ ಹತ್ತು ನಿಮಿಷ ಬಂದಿದ್ದರು, ಸಂಘದ ಬಗ್ಗೆ ಅವರು ಹೇಳಿದ್ದು ನಾನು ಹೇಳುವುದಕ್ಕಿಂತ ಸ್ಪಷ್ಟವಾಗಿತ್ತು.

ಮೌಲ್ಯಮಾಪನ

ಘಟಕ ಪರೀಕ್ಷೆಯಲ್ಲಿ ಮೂರು ಪ್ರಶ್ನೆಗಳನ್ನು ಈ ಭಾಗದಿಂದ ಹಾಕಿದೆ. ಒಂದು, ಎರಡು ಹೊಲಗಳ ಪಿಎಚ್ ಒಂದೇ ಇದ್ದರೂ ಒಂದರಲ್ಲಿ ಬೆಳೆ ಬರದಿರಲು ಕಾರಣವೇನು, ಅದನ್ನು ಪತ್ತೆ ಮಾಡುವ ಒಂದು ಪ್ರಯೋಗ ಬರೆಯಿರಿ. ಎರಡು, ಜಿಪ್ಸಂ ಹಾಕಿದ ಹೊಲದಲ್ಲಿ ಬಸಿಗಾಲುವೆ ಇಲ್ಲದಿದ್ದರೆ ಏನಾಗುತ್ತದೆ? ಮೂರನೆಯದು ಪತ್ರಲೇಖನ: ನಿಮ್ಮ ಉಪಕಾಲುವೆಯ ನೀರು ಬಳಕೆದಾರರ ಸಂಘಕ್ಕೆ, ಮೇಲಿನ ಊರಿನ ರೈತನಾಗಿ ಒಂದು, ಕೆಳಗಿನ ಊರಿನ ರೈತನಾಗಿ ಒಂದು ಪತ್ರ ಬರೆಯಿರಿ. ಎರಡರಲ್ಲೂ ಕನಿಷ್ಠ ಒಂದು ಅಳತೆ ಇರಬೇಕು.

ಮೊದಲ ಪ್ರಶ್ನೆಗೆ ಹೆಚ್ಚಿನವರು ತಟ್ಟೆಯ ಪ್ರಯೋಗ ಬರೆದರು, ಟಿಡಿಎಸ್ ಮೀಟರ್ ಬರೆದವರು ಕಡಿಮೆ. ಎರಡನೆಯದಕ್ಕೆ ಸಮೀಕರಣ ಸರಿ ಬರೆದು, ಸೋಡಿಯಂ ಸಲ್ಫೇಟ್ ಎಲ್ಲಿ ಉಳಿಯುತ್ತದೆ ಎಂದು ಬಿಟ್ಟವರಿದ್ದಾರೆ. ಅವರಿಗೆ ಪರಿಹಾರ ಬೋಧನೆಯಲ್ಲಿ ತಟ್ಟೆಯನ್ನೇ ಮತ್ತೆ ಕೈಗೆ ಕೊಟ್ಟೆ. ಪತ್ರಗಳಲ್ಲಿ ನನಗೆ ಹಿಡಿಸಿದ್ದು ಎದ್ದು ನಿಂತು ಕೇಳಿದ ಹುಡುಗನದು. ಕೆಳಗಿನ ಊರಿನ ರೈತನಾಗಿ ಬರೆದ ಪತ್ರದಲ್ಲಿ ಅವನು ಗೇಜಿನ ಅಡಿಯನ್ನೂ ತಾರೀಖನ್ನೂ ಕೇಳಿದ್ದ. ಮೇಲಿನ ಊರಿನ ರೈತನಾಗಿ ಬರೆದದ್ದರಲ್ಲಿ, ಸುತ್ತಲಿನ ಹತ್ತು ಮಂದಿಯೂ ಕೂರಿಗೆ ಭತ್ತಕ್ಕೆ ಒಪ್ಪಿದರೆ ತಾನೂ ಒಪ್ಪುವುದಾಗಿ, ಒಬ್ಬನೇ ಒಪ್ಪಲಾರೆನೆಂದು ಬರೆದು, ಹತ್ತು ಸರ್ವೆ ನಂಬರುಗಳಿಗೆ ಜಾಗ ಖಾಲಿ ಬಿಟ್ಟಿದ್ದ.